ಹಲ್ಲಿನ ಕೆಲಸ ಮೊದಲು ಮುಗಿಸಿಕೋ, ಅಪ್ಪಿ

ತೀರ್ಥಹಳ್ಳಿ
ಭಾನುವಾರ ರಾತ್ರಿ

ಚಿರಂಜೀವಿ ಅಪ್ಪಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸಂಜೆ ನೀನು ಫೋನ್ ಮಾಡಿದಾಗ ನನಗೆ ಸರಿಯಾಗಿ ಮಾತನಾಡಲು ಆಗಲಿಲ್ಲ. ಮಳೆಗೆ ಲೈನ್ ಕಡಿದು ಕಡಿದು ಬರುತ್ತಿತ್ತು, ನನ್ನ ಗಂಟಲೂ ಕಟ್ಟಿಕೊಂಡಿತ್ತು. "ಕ್ಯಾನ್ಸರ್ ಇರುವುದು ಗಂಟಲಿಗೆ. ಮೊದಲು ಹಲ್ಲು ತೋರಿಸಿಕೊಂಡು ಬಾ ಎಂದು ಎರಡು ವಾರ ಮುಂದಕ್ಕೆ ಹಾಕಿದ್ದಾರೆ. ಅದನ್ನು ಬಿಟ್ಟು ನೇರವಾಗಿ ಕರೆಂಟ್ (ರೇಡಿಯೇಷನ್ ಚಿಕಿತ್ಸೆ) ಶುರು ಮಾಡಿ ಎಂದು ಕೇಳಲೇ ದೊಡ್ಡಮ್ಮ?" ಎಂದೆಯಲ್ಲ, ಅದಕ್ಕೆ ಉತ್ತರವನ್ನು ಬರೆದೇ ಕಳಿಸಬೇಕು ಎನ್ನಿಸಿತು. ನಾಳೆ ಬೆಳಗಿನ ಶಿವಮೊಗ್ಗದ ಬಸ್ಸಿಗೆ ನಿನ್ನ ಅಣ್ಣ ಬರುತ್ತಾನೆ, ಅವನ ಕೈಯಲ್ಲೇ ಕೊಟ್ಟಿದ್ದೇನೆ.

ಕೇಳಬೇಡ. ಹಲ್ಲು ತೋರಿಸು. ಡಾಕ್ಟರು ಕೀಳಬೇಕು ಎಂದ ಹಲ್ಲನ್ನು ಈಗಲೇ ಕೀಳಿಸು. ಗಾಯ ಮಾಗಲು ಅವರು ಎಷ್ಟು ದಿನ ಹೇಳುತ್ತಾರೋ ಅಷ್ಟು ದಿನ ಕಾಯಿ.

ನಿನ್ನ ದೊಡ್ಡಪ್ಪನಿಗೆ ಹೀಗೇ ಆದಾಗ ನೀನು ಹಾಸ್ಟೆಲಿನಲ್ಲಿ ಓದುತ್ತಿದ್ದೆ. ಅವರು ಗುಣವಾಗಿ ಮನೆಗೆ ಬಂದದ್ದಷ್ಟೇ ನಿನಗೆ ಕಂಡಿತು. ಆಮೇಲಿನದನ್ನು ನಾವು ಯಾರಿಗೂ ಬಿಡಿಸಿ ಹೇಳಲಿಲ್ಲ. ಈಗ ಹೇಳುತ್ತೇನೆ, ಏಕೆಂದರೆ ನಮಗೆ ಯಾರೂ ಮೊದಲೇ ಹೇಳಿರಲಿಲ್ಲ.

ಅವರಿಗೆ 35 ದಿನದ ಕರೆಂಟ್ ಆಯಿತು. ವಾರಕ್ಕೆ ಐದು ದಿನದಂತೆ ಏಳು ವಾರ. ದೂರದ ಊರಿನಲ್ಲಿ ಬಾಡಿಗೆ ಕೋಣೆ ಹಿಡಿದುಕೊಂಡಿದ್ದೆವು. ನಾಲಿಗೆಯ ಬುಡದ ಗಡ್ಡೆ ಕರಗಿತು, ಮತ್ತೆ ಇಂದಿನವರೆಗೂ ತಲೆ ಎತ್ತಿಲ್ಲ. ಆದರೆ ಬಾಯಿ ಒಣಗಿದ್ದು ಒಣಗಿದ ಹಾಗೇ ಉಳಿಯಿತು. ಜೊಲ್ಲು ಎಂದರೆ ನಾವು ಮೂಗು ಮುರಿಯುತ್ತೇವೆ. ಆರೋಗ್ಯವಂತರ ಬಾಯಲ್ಲಿ ಅದು ದಿನಕ್ಕೆ ಒಂದು ಲೀಟರಿನ ಆಸುಪಾಸು ಊರುತ್ತದೆ, ಹಲ್ಲನ್ನು ಹಗಲೂ ರಾತ್ರಿಯೂ ತೊಳೆಯುತ್ತಿರುತ್ತದೆ. ಕೆನ್ನೆ ಮತ್ತು ದವಡೆಯ ಕೆಳಗಿನ ಗ್ರಂಥಿಗಳ ಮೇಲೆ ಕಿರಣ ಬಿದ್ದರೆ ಆ ಒರತೆಯೇ ಬತ್ತುತ್ತದೆ. ಬಾಯಿ ಒದ್ದೆಯಾಗಿರಲಿ ಎಂದು ಅವರು ಕೆನ್ನೆಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಳ್ಳಲು ಶುರು ಮಾಡಿದರು. ನಾನೇ ಡಬ್ಬಿ ತುಂಬಿಸಿಡುತ್ತಿದ್ದೆ. ಒಂದೂವರೆ ವರ್ಷದಲ್ಲಿ ಹಲ್ಲುಗಳು ಒಸಡಿನ ಅಂಚಿನಲ್ಲೇ ಕಪ್ಪಾಗಿ, ಕೊರೆದಂತೆ ಸವೆದವು. ಒಂದು ದವಡೆ ಹಲ್ಲು ಅಡ್ಡಕ್ಕೆ ಮುರಿಯಿತು. ನೋವು ತಡೆಯದೆ ಹತ್ತಿರದ ಒಬ್ಬ ದಂತವೈದ್ಯರಲ್ಲಿ ಹೋಗಿ ಕೀಳಿಸಿದೆವು. ಕರೆಂಟ್ ಆಗಿದೆ ಎಂದು ನಾವು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಎರಡು ತಿಂಗಳಾದರೂ ಗಾಯ ಮುಚ್ಚಲಿಲ್ಲ. ಒಂದು ರಾತ್ರಿ ಬಚ್ಚಲಲ್ಲಿ ಬಾಯಿ ಮುಕ್ಕಳಿಸಿ, "ಏನೋ ನಾಲಿಗೆಗೆ ಚುಚ್ಚುತ್ತದೆ, ನೋಡು" ಎಂದರು. ಟಾರ್ಚ್ ಹಿಡಿದೆ. ಹಲ್ಲು ಕಿತ್ತ ಜಾಗದಲ್ಲಿ, ದವಡೆಯ ಒಳಮಗ್ಗುಲಿಗೆ, ಅಕ್ಕಿಕಾಳಿನಷ್ಟು ಮಾಸಲು ಹಳದಿಯ ಚೂರೊಂದು ಕಂಡಿತು. ಅನ್ನದ ಅಗುಳು ಸಿಕ್ಕಿಕೊಂಡಿದೆ ಎಂದುಕೊಂಡು ಕಡ್ಡಿಗೆ ಹತ್ತಿ ಸುತ್ತಿ ತೆಗೆಯಲು ಹೋದೆ. ಅಲುಗಲಿಲ್ಲ. ಕಡ್ಡಿ ಗಟ್ಟಿಯಾಗಿ ತಾಗಿತು. ಅದು ಮೂಳೆ, ಅಪ್ಪಿ. ಅವರ ದವಡೆಯ ಮೂಳೆ.

ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ತಿಳಿಸಿ ಹೇಳಿದರು. ಕಿರಣ ಬಿದ್ದ ಮೂಳೆಯೊಳಗಿನ ಸಣ್ಣ ರಕ್ತನಾಳಗಳು ತಿಂಗಳು ವರ್ಷಗಳಲ್ಲಿ ಒಂದೊಂದಾಗಿ ಮುಚ್ಚುತ್ತಾ ಹೋಗುತ್ತವೆ. ತೋಟದ ಕಾಲುವೆಗಳೆಲ್ಲ ಹೂಳು ತುಂಬಿಕೊಂಡ ಹಾಗೆ. ಸುಮ್ಮನಿರುವಷ್ಟು ದಿನ ಆ ಮೂಳೆ ಹೇಗೋ ಇರುತ್ತದೆ. ಗಾಯವಾದರೆ ಮಾತ್ರ ಮತ್ತೆ ಕೂಡಿಕೊಳ್ಳಲು ಅದಕ್ಕೆ ತ್ರಾಣ ಇರುವುದಿಲ್ಲ. ಮೇಲಿನ ದವಡೆಗಿಂತ ಕೆಳದವಡೆಗೆ ರಕ್ತದ ಹರಿವು ಮೊದಲೇ ಕಡಿಮೆ, ಆದ್ದರಿಂದ ಅಪಾಯ ಅಲ್ಲಿ ಹೆಚ್ಚು. ಮಾತ್ರೆ, ಇಂಜೆಕ್ಷನ್, ಕೆರೆದು ತೊಳೆಯುವುದು ಎಲ್ಲವನ್ನೂ ಒಂದು ವರ್ಷ ನೋಡಿದರು. ಕೊನೆಗೆ ದವಡೆಯ ಆ ತುಂಡನ್ನೇ ತೆಗೆದು, ಕಾಲಿನ ಮೂಳೆಯ ತುಂಡೊಂದನ್ನು ತಂದು ಕೂರಿಸಿದರು. ಅವರ ಮುಖ ಒಂದು ಕಡೆಗೆ ಏಕೆ ಓರೆಯಾಗಿದೆ ಎಂದು ನಿನ್ನ ಮಗಳು ಕೇಳಿದಾಗ ಬಿದ್ದದ್ದು ಎಂದು ಸುಳ್ಳು ಹೇಳಿದ್ದೆ. ಕ್ಯಾನ್ಸರನ್ನು ಗೆದ್ದ ಮನುಷ್ಯನನ್ನು ಒಂದು ಹಲ್ಲು ಮತ್ತೆ ಆಪರೇಷನ್ ಟೇಬಲ್ಲಿಗೆ ಮಲಗಿಸಿತು.

ಮಳೆ ಹಿಡಿಯುವ ಮೊದಲೇ ಅಡಿಕೆ ಕೊನೆಗಳಿಗೆ ಕೊಟ್ಟೆ ಕಟ್ಟುವುದನ್ನೂ ಬೋರ್ಡೋ ದ್ರಾವಣ ಹೊಡೆಯುವುದನ್ನೂ ನೀನು ಬಾಲ್ಯದಿಂದ ನೋಡಿದ್ದೀಯೆ. ಕೊಳೆರೋಗ ಬಂದ ಮೇಲೆ ಯಾರೂ ಮರದ ಕೆಳಗೆ ನಿಂತು ಎರಡು ವಾರ ಉಳಿಸಿದೆವು ಎನ್ನುವುದಿಲ್ಲ. ಇನ್ನೂ ಒಂದು ಮಾತು: ಆ ಎರಡು ವಾರ ದಂಡವೇ ಅಲ್ಲ. ಮುಖಕ್ಕೆ ಜಾಳಿಗೆಯಂಥ ಮಾಸ್ಕ್ ಮಾಡುವುದು, ಸ್ಕ್ಯಾನ್ ತೆಗೆಯುವುದು, ಯಾವ ಕೋನದಿಂದ ಎಷ್ಟು ಕಿರಣ ಎಂದು ಲೆಕ್ಕ ಹಾಕುವುದು, ಇದಕ್ಕೆಲ್ಲ ಹೇಗಿದ್ದರೂ ದಿನ ಬೇಕು. ಆ ದಿನಗಳಲ್ಲೇ ನಿನ್ನ ಹಲ್ಲಿನ ಗಾಯವೂ ಮಾಗುತ್ತಿರುತ್ತದೆ.

ನಿನ್ನ ಎಡಗಡೆಯ ಕೆಳಗಿನ ದವಡೆ ಹಲ್ಲು ನನಗೆ ಗೊತ್ತು. ಹೋದ ದೀಪಾವಳಿಗೆ ಹೋಳಿಗೆಯನ್ನೂ ಬಲಗಡೆಯಿಂದಲೇ ಅಗಿಯುತ್ತಿದ್ದೆ, ಲವಂಗದೆಣ್ಣೆಯ ಹತ್ತಿ ಒತ್ತಿಕೊಂಡು ಮಲಗಿದ್ದೆ. ಅದನ್ನು ಡಾಕ್ಟರಿಗೆ ಮುಚ್ಚಿಡಬೇಡ. ಎರಡೂ ದವಡೆ ಪೂರ್ತಿ ಕಾಣುವಂತೆ ಒಂದು ಎಕ್ಸ್‌ರೇ ತೆಗೆಯುತ್ತಾರೆ, ಬುದ್ಧಿಹಲ್ಲಿನ ಬುಡದ ಕೀವು ಕೂಡ ಅದರಲ್ಲಿ ಗೊತ್ತಾಗುತ್ತದೆ. ಎಲ್ಲ ಹಲ್ಲನ್ನೂ ಕೀಳಿಸಿಬಿಡು, ರಗಳೆಯೇ ಬೇಡ ಎನ್ನುವವರೂ ಸಿಗುತ್ತಾರೆ. ಅವರ ಮಾತು ಕೇಳಬೇಡ. ಉಳಿಯುವ ಹಲ್ಲನ್ನು ಉಳಿಸಿ, ಉಳಿಯದ್ದನ್ನು ಮಾತ್ರ ತೆಗೆಯುವುದು ಹಲ್ಲಿನ ಡಾಕ್ಟರುಗಳ ಕ್ರಮ. ಶಿವಮೊಗ್ಗದಲ್ಲೂ ದಂತ ವೈದ್ಯಕೀಯ ಕಾಲೇಜು ಇದೆ, ನಿಜ. ಆದರೆ ಚಿಕಿತ್ಸೆ ಮಣಿಪಾಲದಲ್ಲಾದರೆ ಹಲ್ಲನ್ನೂ ಅಲ್ಲಿಯ ದಂತ ಕಾಲೇಜಿನಲ್ಲೇ ತೋರಿಸುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಕಿರಣ ಕೊಡುವವರೂ ಹಲ್ಲು ನೋಡುವವರೂ ಒಬ್ಬರನ್ನೊಬ್ಬರು ಕೇಳಿಕೊಳ್ಳಬಹುದು. ಆಗುಂಬೆ ಘಾಟಿಯನ್ನು ಇನ್ನೊಂದು ಸಲ ಇಳಿದರೆ ಏನೂ ಹೋಗುವುದಿಲ್ಲ.

ಫ್ಲೋರೈಡ್ ಜೆಲ್ ವಿಷಯವನ್ನು ನೀನಾಗಿಯೇ ಕೇಳು. ನಿನ್ನ ಹಲ್ಲಿನ ಅಳತೆಗೆ ಅಚ್ಚು ಮಾಡಿಕೊಡುತ್ತಾರೆ. ರಾತ್ರಿ ಹಲ್ಲುಜ್ಜಿದ ಮೇಲೆ ಅದರಲ್ಲಿ ಜೆಲ್ ಹಾಕಿ ಐದು ಹತ್ತು ನಿಮಿಷ ಕಚ್ಚಿಕೊಂಡಿದ್ದು ಉಗುಳಬೇಕು. ಆಮೇಲೆ ಅರ್ಧ ಗಂಟೆ ನೀರೂ ಬೇಡ. ಇಲ್ಲವೇ 5000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್ ಬರೆದುಕೊಡುತ್ತಾರೆ. ಅಂಗಡಿಯ ಮಾಮೂಲಿ ಪೇಸ್ಟಿನಲ್ಲಿ ಇರುವುದು ಸುಮಾರು 1000. ಕರೆಂಟ್ ಮುಗಿದ ಮೇಲೂ ಇದನ್ನು ನಿಲ್ಲಿಸುವ ಹಾಗಿಲ್ಲ. ಬಾಯಿ ಒಣಗಿರುವಷ್ಟು ಕಾಲವೂ ಬೇಕು.

ಎರಡು ಮೂರನೆಯ ವಾರದಿಂದ ಬಾಯಿ ಹುಣ್ಣಾಗುತ್ತದೆ. ಹೆದರಬೇಡ. ಅದು ಕಾಯಿಲೆ ಹೆಚ್ಚಾದದ್ದಲ್ಲ, ಕರೆಂಟ್ ಮುಗಿದ ಕೆಲವು ವಾರಕ್ಕೆ ಮಾಯುತ್ತದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ದಿನವೂ ಹೊಸದಾಗಿ ಮಾಡಿಕೊಂಡು, ಎಚ್ಚರವಿದ್ದಾಗಲೆಲ್ಲ ಎರಡು ಗಂಟೆಗೊಮ್ಮೆ ಮುಕ್ಕಳಿಸಿ ಉಗುಳು. ಉರಿಯುವ ಬಣ್ಣಬಣ್ಣದ ಮೌತ್‌ವಾಶ್ ಬೇಡ, ಅದರಲ್ಲಿ ಆಲ್ಕೋಹಾಲ್ ಇರುತ್ತದೆ. ಬ್ರಷ್ ಅತ್ಯಂತ ಮೆತ್ತಗಿನದು ಇರಲಿ, ಬಿಸಿನೀರಿನಲ್ಲಿ ಅದ್ದಿದರೆ ಇನ್ನೂ ಮೆತ್ತಗಾಗುತ್ತದೆ. ನೋವಿನ ಔಷಧವನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೋ, ಸಹಿಸಿಕೊಂಡು ಉಪವಾಸ ಬೀಳಬೇಡ. ಮಿಡಿ ಉಪ್ಪಿನಕಾಯಿ, ಅಪ್ಪೆಹುಳಿ, ಸೂಜಿಮೆಣಸು ಸದ್ಯಕ್ಕೆ ಮರೆತುಬಿಡು. ತುಪ್ಪ ಹಾಕಿದ ಗಂಜಿ, ಮೆಣಸು ಹಾಕದ ಒಂದೆಲಗದ ತಂಬುಳಿ, ನುಣ್ಣಗೆ ಕಿವುಚಿದ ಅನ್ನ ಹೇಗೆ ಮಾಡಬೇಕು ಎಂದು ನಿನ್ನ ಹೆಂಡತಿಗೆ ಬೇರೆಯಾಗಿ ಬರೆದಿದ್ದೇನೆ. ನಾಲಿಗೆಯ ಮೇಲೆ ಮೊಸರು ಬಳಿದಂತೆ ಬಿಳಿ ಪದರ ಕಂಡರೆ ಅದು ಶಿಲೀಂಧ್ರದ ಸೋಂಕು ಇರಬಹುದು, ತೋರಿಸು.

ನಿನಗೆ ಜೊತೆಗೆ ಕೀಮೋ ಕೂಡ ಇದೆ ಎಂದೆ. ಆ ದಿನಗಳಲ್ಲಿ ಬಿಳಿ ರಕ್ತಕಣವೂ ಪ್ಲೇಟ್‌ಲೆಟ್ಟೂ ಇಳಿಯುತ್ತವೆ. ರಕ್ತಪರೀಕ್ಷೆ ನೋಡದೆ, ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಲ್ಲಿಗೆ ಯಾರೂ ಕೈ ಹಾಕಬಾರದು. ಜ್ವರ 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಫೋನ್ ಮಾಡು.

ದವಡೆಯ ವ್ಯಾಯಾಮವನ್ನು ಮೊದಲ ದಿನದಿಂದಲೇ ಮಾಡು. ಅಗಿಯುವ ಸ್ನಾಯುಗಳ ಮೇಲೆ ಕಿರಣ ಬಿದ್ದರೆ ಅವು ನಿಧಾನವಾಗಿ ಬಿಗಿದುಕೊಳ್ಳುತ್ತವೆ. ಒಮ್ಮೆ ಬಿಗಿದರೆ ಬಿಡಿಸುವುದು ಬಹಳ ಕಷ್ಟ. ಇವತ್ತೇ ಕನ್ನಡಿಯ ಮುಂದೆ ನಿಂತು, ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಹೋಗುತ್ತದೆಯೇ ನೋಡಿಕೋ. ವಾರಕ್ಕೊಮ್ಮೆ ಹೀಗೆ ಅಳೆ. ದಿನಕ್ಕೆ ಮೂರು ಹೊತ್ತು, ಪ್ರತಿ ಸಲ ಇಪ್ಪತ್ತು ಬಾರಿ, ನೋವಾಗದಷ್ಟು ಅಗಲಕ್ಕೆ ಬಾಯಿ ತೆರೆದು ಮುಚ್ಚು. ದೊಡ್ಡಪ್ಪನದು ಎರಡು ಬೆರಳಿಗಿಂತ ಕಡಿಮೆಯಾದ ಮೇಲೆ ನಮಗೆ ಎಚ್ಚರವಾಯಿತು. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು, ಕೆಲವು ದಿನಕ್ಕೊಂದರಂತೆ ಕಡ್ಡಿ ಹೆಚ್ಚಿಸುತ್ತಾ ಹೋಗುವುದನ್ನು ಆಸ್ಪತ್ರೆಯಲ್ಲೇ ಕಲಿಸಿದರು. 9ರಿಂದ ಶುರು ಮಾಡಿದವರು 14ಕ್ಕೆ ಬರಲು ಒಂದು ಮಳೆಗಾಲ ಹಿಡಿಯಿತು. ಹದಿನಾಲ್ಕನೆಯ ಕಡ್ಡಿ ಹೋದ ದಿನ ಅವರು ಅಕ್ಕಿರೊಟ್ಟಿ ಕೇಳಿದರು, ಹಾಲಿನಲ್ಲಿ ನೆನೆಸಿ ಕೊಟ್ಟೆ.

ಇದು ನಿನಗಲ್ಲ, ಆದರೂ ನಿನ್ನ ಬಾಯಿಂದ ನಾಲ್ಕು ಜನಕ್ಕೆ ತಿಳಿಯಲಿ ಎಂದು ಬರೆಯುತ್ತೇನೆ. ಸ್ತನದ ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಮೂಳೆ ಗಟ್ಟಿಯಾಗಲು ಝೋಲೆಡ್ರೋನಿಕ್ ಆಸಿಡ್ ಎಂಬ ಇಂಜೆಕ್ಷನ್ ಕೊಡುತ್ತಾರೆ. ಅದರಿಂದಲೂ ಹಲ್ಲು ಕಿತ್ತ ಜಾಗ ಮಾಯದೆ ದವಡೆಯ ಮೂಳೆ ಹೊರಬರುವುದುಂಟು ಎಂದು ವೈದ್ಯರು ಮೊದಲು ವರದಿ ಮಾಡಿದ್ದು 2003ರಲ್ಲಿ. ಅವರೂ ಇಂಜೆಕ್ಷನ್ ಶುರುವಾಗುವ ಮೊದಲೇ ಹಲ್ಲು ತೋರಿಸಿಕೊಳ್ಳಬೇಕು. ನಮ್ಮ ಪಕ್ಕದ ಮನೆಯಾಕೆಯನ್ನು ಇದೇ ಮಾತು ಹೇಳಿ ನಾನೇ ಕರೆದುಕೊಂಡು ಹೋಗಿದ್ದೆ.

ಕವಳದ, ಎಂದರೆ ಎಲೆಯಡಿಕೆಯ ವಿಷಯ. ನಮ್ಮ ಅನ್ನ ಅಡಿಕೆಯದು. ನಿನ್ನ ಓದು, ಈ ಮನೆಯ ಹೆಂಚು, ದೊಡ್ಡಪ್ಪನ ಆಸ್ಪತ್ರೆಯ ಖರ್ಚು, ಎಲ್ಲವೂ ಆ ತೋಟದಿಂದ ಬಂದದ್ದು. ಹಾಗಿದ್ದೂ ಹೇಳುತ್ತೇನೆ: ತಂಬಾಕು ಇರಲಿ ಬಿಡಲಿ, ಅಡಿಕೆಯನ್ನು ಅಗಿಯುವುದೇ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯದಂತಾಗುವುದೂ ಅದರಿಂದಲೇ. ಈ ವಿಷಯ ಎತ್ತಿದರೆ ನಮ್ಮ ಕಡೆ ಮಾತು ಜಗಳಕ್ಕೆ ತಿರುಗುತ್ತದೆ. ನಾನು ಜಗಳಕ್ಕೆ ನಿಲ್ಲುವುದಿಲ್ಲ, ಜಗಲಿಯಿಂದ ಕವಳದ ತಟ್ಟೆ ಎತ್ತಿಟ್ಟಿದ್ದೇನೆ. ಬಂದವರಿಗೆ ಬೆಲ್ಲ ನೀರು ಕೊಡುತ್ತೇನೆ. ನೀನು ಇನ್ನು ಒಂದು ಚೂರೂ ಬಾಯಿಗೆ ಹಾಕಬೇಡ, ಬೀಡಿ ಸಿಗರೇಟಿನ ಹೊಗೆಯ ಹತ್ತಿರವೂ ಕೂರಬೇಡ.

ಚಿಕಿತ್ಸೆ ಮುಗಿದ ದಿನ ಅವರು ಕೊಡುವ ಕಾಗದದಲ್ಲಿ ಎಲ್ಲಿಗೆ ಎಷ್ಟು ಗ್ರೇ (ಕಿರಣದ ಅಳತೆ) ಕೊಟ್ಟರು ಎಂದು ಬರೆದಿರುತ್ತದೆ. ಅದರ ಎರಡು ಪ್ರತಿ ಮಾಡಿಸು, ಒಂದು ನನ್ನ ಬೀರುವಿನಲ್ಲಿರಲಿ. ಮುಂದೆ ಹತ್ತು ವರ್ಷವಾದರೂ ಯಾವ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತರೂ ಬಾಯಿ ತೆರೆಯುವ ಮೊದಲು ಈ ಕಾಗದ ತೋರಿಸು. ಆಗ ಅವರು ಬೇರು ಚಿಕಿತ್ಸೆ ಮಾಡಿ ಹಲ್ಲನ್ನು ಉಳಿಸಲು ನೋಡುತ್ತಾರೆ. ಕೀಳಲೇಬೇಕಾದರೆ ಕ್ಯಾನ್ಸರ್ ಡಾಕ್ಟರ ಜೊತೆ ಮಾತನಾಡಿ ತಕ್ಕ ಏರ್ಪಾಡು ಮಾಡಿಕೊಳ್ಳುತ್ತಾರೆ. ನಾವು ಹೇಳದೆ ಉಳಿದ ಒಂದು ಮಾತು ಇದೇ.

ದೊಡ್ಡಪ್ಪ ಪಕ್ಕದಲ್ಲೇ ಕೂತಿದ್ದಾರೆ. ಮಾತು ಈಗಲೂ ಸ್ವಲ್ಪ ತೊದಲುತ್ತದೆ, ಅದಕ್ಕೇ ಫೋನಿಗೆ ಬರುವುದಿಲ್ಲ. ಅವರ ಐಸ್‌ಕ್ರೀಂ ಕಡ್ಡಿಗಳ ಡಬ್ಬಿಯನ್ನು ನಿನಗೆ ಕಳಿಸು ಎಂದರು. ಬಾಯಿಗೆ ಹಾಕಿದ ಹಳೆಯದು ಬೇಡ ಎಂದು ಪೇಟೆಯಿಂದ ಹೊಸ ಕಟ್ಟು ತರಿಸಿ, ಡಬ್ಬಿ ಮಾತ್ರ ಅವರದನ್ನೇ ಇಟ್ಟಿದ್ದೇನೆ. ಮುಚ್ಚಳದ ಒಳಗೆ ಅವರು ಪೆನ್ಸಿಲಿನಲ್ಲಿ ತಾರೀಖು, ಕಡ್ಡಿಯ ಲೆಕ್ಕ ಬರೆದುಕೊಂಡಿದ್ದಾರೆ. ಅದರ ಕೆಳಗೆ ನಿನಗೂ ಬರೆಯಲು ಜಾಗ ಇದೆ.

ಗುರುವಾರ ನಾನು ಬರುತ್ತೇನೆ, ಏಳು ವಾರವೂ ನಿಮ್ಮ ಜೊತೆಗೇ ಇರುತ್ತೇನೆ. ಹಲ್ಲಿನ ಡಾಕ್ಟರು ಯಾವ ದಿನ ಕೊಟ್ಟರು ಎಂದು ನಾಳೆಯೇ ಫೋನ್ ಮಾಡು. ರಾತ್ರಿ ಹೊತ್ತಾದರೂ ಸರಿ, ನಾವು ಎದ್ದಿರುತ್ತೇವೆ.

ಇಂತಿ ನಿನ್ನ
ದೊಡ್ಡಮ್ಮ