ಅಮೆರಿಕಕ್ಕೆ ಹೋದ ಮಗ ಕಥೆಗಳಲ್ಲಿ ಸದಾ ತಪ್ಪಿತಸ್ಥನೇ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯ ಕಥೆಯನ್ನು ಎರಡು ಸಲ ಓದಿದೆ. ಅಮೆರಿಕದಲ್ಲಿರುವ ಮಗ ಅಪ್ಪನ ಅಂತ್ಯಕ್ರಿಯೆಗೆ ಬರುವುದಿಲ್ಲ, ಹಣ ಕಳಿಸಿ ಕೈತೊಳೆದುಕೊಳ್ಳುತ್ತಾನೆ. ತಾಯಿ ಖಾಲಿ ಮನೆಯಲ್ಲಿ ದೀಪ ಹಚ್ಚಿಟ್ಟು ಕೂರುತ್ತಾಳೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಊರು, ಹೆಸರು ಬದಲಾದ ಇದೇ ಕಥೆಯನ್ನು ದೀಪಾವಳಿ, ಯುಗಾದಿ ವಿಶೇಷಾಂಕಗಳಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಈ ಸಲ ಸುಮ್ಮನಿರಲು ಆಗಲಿಲ್ಲ. ಆ ತಾಯಿಯ ಜಾಗದಲ್ಲಿ ನಾನೇ ಕುಳಿತಿದ್ದೆ.

ಮೂರು ವರ್ಷದ ಹಿಂದೆ, ಆಷಾಢದ ಜಡಿಮಳೆಯಲ್ಲಿ, ನಮ್ಮ ಯಜಮಾನರು ತೀರಿಕೊಂಡರು. ಓಹಿಯೋದ ಕೊಲಂಬಸ್‌ನಲ್ಲಿರುವ ಮಗ ಬರಲಿಲ್ಲ. ಮೈದುನನ ಮಗ ಕ್ರಿಯೆಗೆ ಕುಳಿತ. ‘ಡಾಲರ್ ಬಿಟ್ಟು ಬರುತ್ತಾನೆಯೇ’ ಎಂದು ನೆಂಟರು ಜಗಲಿಯಲ್ಲೇ ಆಡಿಕೊಂಡರು. ಅವನ ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿತ್ತು. ಅಲ್ಲಿದ್ದು ದುಡಿಯಲು ಅದರಿಂದ ಅಡ್ಡಿಯಿಲ್ಲ. ದೇಶ ಬಿಟ್ಟು ಬಂದರೆ ಮತ್ತೆ ಒಳಗೆ ಹೋಗಲು ಹೊಸ ಮುದ್ರೆ ಬೇಕು. ಸಂದರ್ಶನಕ್ಕೆ ಸಿಗುತ್ತಿದ್ದ ದಿನ ತಿಂಗಳುಗಟ್ಟಲೆ ಆಚೆಗಿತ್ತು. ಸೊಸೆ ಏಳು ತಿಂಗಳ ಬಸುರಿ, ಅವಳ ವೀಸಾ ಕೂಡ ಅವನ ಕೆಲಸಕ್ಕೆ ಜೋತುಬಿದ್ದದ್ದು. ‘ಬರಬೇಡ ಮಗನೇ’ ಎಂದವಳು ನಾನು.

ಹತ್ತನೆಯ ದಿನ ಮೊಬೈಲನ್ನು ತಾಮ್ರದ ಚೊಂಬಿಗೆ ಒರಗಿಸಿ ಇಟ್ಟಿದ್ದೆವು. ಇಲ್ಲಿ ಬೆಳಿಗ್ಗೆ ಹತ್ತು ಗಂಟೆ, ಅಲ್ಲಿ ನಡುರಾತ್ರಿ ಹನ್ನೆರಡೂವರೆ. ಬಚ್ಚಲಿನಲ್ಲಿ ತಾನೇ ತಲೆ ಬೋಳಿಸಿಕೊಂಡಿದ್ದ. ಎಡಗಿವಿಯ ಮೇಲೆ ಬ್ಲೇಡು ತಾಗಿದ ಎರಡು ಗೆರೆಗಳಲ್ಲಿ ರಕ್ತ ಒಣಗಿತ್ತು. ಪುರೋಹಿತರು ಎಳ್ಳುನೀರು ಬಿಡಿಸುವಾಗ ಅವನೂ ಅಲ್ಲಿ ಒಂದು ಸ್ಟೀಲ್ ತಟ್ಟೆಗೆ ಎಳ್ಳುನೀರು ಬಿಟ್ಟ. ಬೆಳಗಾದ ಮೇಲೆ ಎಂದಿನಂತೆ ಕೆಲಸಕ್ಕೆ ಹೋದ.

ಈ ಮಗ ನಮ್ಮ ಕಥೆಗಾರರ ಕಣ್ಣಿಗೆ ಏಕೆ ಬೀಳುವುದಿಲ್ಲ? ಹೆತ್ತವರನ್ನು ಮರೆತವರು ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಕಥೆಯಲ್ಲಿ ಅವನು ಯಾವ ಆಸೆಯಿಂದ ಹೋದ, ಅಲ್ಲಿ ಏನಕ್ಕಾಗಿ ಕಾಯುತ್ತಿದ್ದಾನೆ ಎಂಬುದೇ ಇರುವುದಿಲ್ಲ. ‘ಅಮೆರಿಕನ್ ಕನಸು’ ಎಂಬ ಮಾತನ್ನು 1931ರಲ್ಲಿ ಪ್ರಚಾರಕ್ಕೆ ತಂದ ಇತಿಹಾಸಕಾರ ಜೇಮ್ಸ್ ಟ್ರಸ್ಲೋ ಆಡಮ್ಸ್, ಅದು ಬರೀ ಕಾರು ಮತ್ತು ದೊಡ್ಡ ಸಂಬಳದ ಕನಸಲ್ಲ, ಹುಟ್ಟು ಎಂಥದ್ದೇ ಆಗಿರಲಿ ತನ್ನ ಯೋಗ್ಯತೆಯಷ್ಟು ಬೆಳೆಯುವ ಕನಸು ಎಂದಿದ್ದರು. ಮೂರು ಎಕರೆ ರೊಬಸ್ಟಾ ಕಾಫಿ ತೋಟವನ್ನು ಅಡವಿಟ್ಟು ಓದಲು ಹೊರಟ ನನ್ನ ಮಗನ ಆಸೆಯೂ ಅದೇ ಆಗಿತ್ತು. ಆ ಸಾಲವನ್ನು ಅವನೇ ತೀರಿಸಿದ.

ಈಗ ಅವನು ಅಲ್ಲಿ ಕಾಯಂ ಆಗಿ ನೆಲೆಸಲು ಅನುಮತಿ ಕೊಡುವ ಗ್ರೀನ್ ಕಾರ್ಡಿನ ಸರದಿಯಲ್ಲಿದ್ದಾನೆ. ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000 ಕಾರ್ಡು. ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚಿಲ್ಲ. ಚಿಕ್ಕ ದೇಶಕ್ಕೂ ಅಷ್ಟೇ, ನಮಗೂ ಅಷ್ಟೇ. ತಿಂಗಳಿಗೊಮ್ಮೆ ಅಲ್ಲಿನ ಸರ್ಕಾರ ಯಾವ ದಿನಾಂಕದ ಅರ್ಜಿಯವರೆಗೆ ಸರದಿ ಬಂತೆಂದು ಪ್ರಕಟಿಸುತ್ತದೆ. ದಿನಾಂಕ ಕೆಲವೊಮ್ಮೆ ಹಿಂದಕ್ಕೂ ಸರಿಯುತ್ತದೆ! ನಡುವೆ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನಗಳಲ್ಲಿ ಬೇರೆ ದಾರಿ ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಅಲ್ಲೇ ಹುಟ್ಟಿದ ನನ್ನ ಮೊಮ್ಮಗಳು ಆ ದೇಶದ ಪ್ರಜೆ, ಅವಳನ್ನು ಸಾಕುತ್ತಿರುವ ಅಪ್ಪ ಅಮ್ಮ ಅಲ್ಲ. ಒಂದು ಕಾದಂಬರಿಗೆ ಇದಕ್ಕಿಂತ ಹೆಚ್ಚಿನ ವಸ್ತು ಬೇಕೇ?

ಕಥಾಸ್ಪರ್ಧೆಯ ತೀರ್ಪುಗಾರರು ಇಂಥ ಕಥೆಗಳಿಗೆ ಬಹುಮಾನ ಕೊಡುವ ಮುನ್ನ, ಮಗ ಬರಲಿಲ್ಲ ಎಂಬ ಸಾಲಿನ ಮುಂದೆ ‘ಏಕೆ’ ಎಂದು ಕೇಳಬೇಕೆಂದು ಕೋರುತ್ತೇನೆ. ಬರೆಯುವವರು ಯಾರಾದರೂ ಸಕಲೇಶಪುರದ ಕಡೆ ಬಂದರೆ, ಆ ಹತ್ತು ದಿನಗಳ ಬಗ್ಗೆ ನೆನಪಿರುವಷ್ಟನ್ನೂ ಕುಳಿತು ಹೇಳುತ್ತೇನೆ.

– ನಿವೃತ್ತ ಕನ್ನಡ ಶಿಕ್ಷಕಿ, ಸಕಲೇಶಪುರ, ಹಾಸನ ಜಿಲ್ಲೆ