ಮರಳಿನ ಸೂಕ್ಷ್ಮ ವಿವರಕ್ಕೆ ಮೆಗಾಪಿಕ್ಸೆಲ್ ಒಂದೇ ಸಾಲದು

ಮಾನ್ಯ ಸಂಪಾದಕರೇ,

ಮರುಭೂಮಿ ಛಾಯಾಗ್ರಹಣದ ಕುರಿತು ನಿಮ್ಮ ವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆದರೆ ಮರಳಿನ ಸೂಕ್ಷ್ಮ ವಿವರಗಳು ಮೂಡಬೇಕಾದರೆ ಹೆಚ್ಚು ಮೆಗಾಪಿಕ್ಸೆಲ್‌ನ ಕ್ಯಾಮೆರಾ ಕೊಂಡು, ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಹಾಯುವ ರಂಧ್ರ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದು) ಎಫ್/22ರವರೆಗೆ ಕಿರಿದಾಗಿಸಬೇಕು ಎಂಬ ಅದರ ಸಲಹೆಯನ್ನು ಒಪ್ಪಲಾಗದು. ಈ ಹವ್ಯಾಸಕ್ಕೆ ಹೊಸದಾಗಿ ಕಾಲಿಡುವವರು ಅದನ್ನೇ ನಂಬಿ ವೃಥಾ ಹಣ ಸುರಿಯಬಾರದೆಂಬ ಕಾಳಜಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಿರಿದಾದ ರಂಧ್ರದಲ್ಲಿ ಹಾಯುವ ಬೆಳಕು ಬಾಗಿ ಹರಡುತ್ತದೆ, ಇದೇ ವಿವರ್ತನೆ. ಎಫ್/22ರಲ್ಲಿ ಹಸಿರು ಬೆಳಕಿನ ಒಂದು ಬಿಂದು, ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಫಲಕವಾದ ಸೆನ್ಸರ್ ಮೇಲೆ ಸುಮಾರು 30 ಮೈಕ್ರಾನ್ ಅಗಲದ ಚುಕ್ಕೆಯಾಗುತ್ತದೆ. 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ (36×24 ಮಿ.ಮೀ. ಅಳತೆಯ) ಸೆನ್ಸರಿನಲ್ಲಿ ಒಂದು ಪಿಕ್ಸೆಲ್‌ನ ಅಗಲವಾದರೋ ಸುಮಾರು 6 ಮೈಕ್ರಾನ್ ಮಾತ್ರ. ಹೀಗೆ ಒಂದೇ ಬಿಂದು ಹಲವು ಪಿಕ್ಸೆಲ್‌ಗಳ ಮೇಲೆ ಹರಡುವಾಗ ಪಿಕ್ಸೆಲ್‌ಗಳನ್ನು ಇನ್ನಷ್ಟು ಹೆಚ್ಚಿಸಿ ಪ್ರಯೋಜನವೇನು? 1932ರಲ್ಲಿ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಮತ್ತು ಸಂಗಡಿಗರು ತಮ್ಮ ತಂಡಕ್ಕೆ ‘ಎಫ್/64’ ಎಂದೇ ಹೆಸರಿಟ್ಟುಕೊಂಡಿದ್ದರು, ನಿಜ. ಆದರೆ ಅಂಥ ಕಿರಿದಾದ ಅಪರ್ಚರ್ ಒಗ್ಗುತ್ತಿದ್ದುದು ಹೆಚ್ಚು ಹಿಗ್ಗಿಸಬೇಕಿಲ್ಲದ ದೊಡ್ಡ ಫಿಲ್ಮ್ ಹಾಳೆಗಳಿಗೆ. ಇಂದಿನ ಕ್ಯಾಮೆರಾಗಳಲ್ಲಿ ಎಫ್/8 ಅಥವಾ ಎಫ್/11ರಲ್ಲೇ ಉಳಿದು, ಕಾಲಬುಡದ ಮರಳಿಗೂ ದೂರದ ದಿಬ್ಬಕ್ಕೂ ಬೇರೆ ಬೇರೆಯಾಗಿ ಫೋಕಸ್ ಮಾಡಿದ ಚಿತ್ರಗಳನ್ನು ಬಳಿಕ ಒಂದಾಗಿಸುವುದು ಎಷ್ಟೋ ಮೇಲು.

ಇದಕ್ಕಿಂತ ಮುಖ್ಯವಾದ ಬೆಳಕಿನ ವಿಚಾರವನ್ನು ಲೇಖಕರು ಮುಟ್ಟಿಯೇ ಇಲ್ಲ. ಗಾಳಿ ಮೂಡಿಸಿದ ಮರಳಿನ ಅಲೆಗಳು ಎಷ್ಟೋ ಕಡೆ ಬೆರಳ ದಪ್ಪವೂ ಇರುವುದಿಲ್ಲ; ಸೂರ್ಯ ನೆತ್ತಿಯ ಮೇಲಿದ್ದಾಗ ಅವುಗಳಿಗೆ ನೆರಳೇ ಬೀಳದೆ, ಇಡೀ ದಿಬ್ಬ ಬಣ್ಣ ಬಳಿದ ಗೋಡೆಯಂತೆ ಸಪಾಟಾಗಿ ಕಾಣುತ್ತದೆ. ಹೊತ್ತು ಮೂಡಿದ ಸ್ವಲ್ಪ ಹೊತ್ತಿನಲ್ಲಿ ಓರೆಯಾಗಿ ಬೀಳುವ ಬಿಸಿಲಿನಲ್ಲಾದರೆ ಒಂದೊಂದು ಅಲೆಯ ಏಣು ಹೊಳೆದು, ಅದರ ಹಿಂಬದಿಯಲ್ಲಿ ಗೆರೆ ಎಳೆದಂತೆ ನೆರಳು ನಿಲ್ಲುತ್ತದೆ. ನಮೀಬಿಯಾದ ಸೊಸುಸ್‌ವ್ಲೇ ದಿಬ್ಬಗಳ ಚಿತ್ರಗಳಲ್ಲಿ ಒಂದು ಮಗ್ಗುಲು ಕೆಂಪಾಗಿ, ಇನ್ನೊಂದು ಕಪ್ಪಾಗಿ, ನಡುವೆ ಕತ್ತರಿಸಿದಂಥ ಅಂಚು ಕಾಣುವುದೂ ಇದರಿಂದಲೇ. ಮಧ್ಯಾಹ್ನ ಕಾದ ನೆಲದ ಮೇಲೆ ಗಾಳಿ ಕುಲುಕಾಡುವುದರಿಂದ, ದೂರದ್ದನ್ನು ಹತ್ತಿರಕ್ಕೆ ತೋರುವ ಟೆಲಿ ಲೆನ್ಸಿಗೆ ದೂರದ ವಿವರವೆಲ್ಲ ಕದಡಿಹೋಗುತ್ತದೆ. ಎಂಥ ಗಟ್ಟಿ ಟ್ರೈಪಾಡ್ ಇದ್ದರೂ ಅದು ಸರಿಹೋಗದು.

ಚಿತ್ರಗಳನ್ನು ರಾ ರೂಪದಲ್ಲೇ (ಕ್ಯಾಮೆರಾ ತಿದ್ದದ ಮೂಲ ಕಡತ) ಉಳಿಸಿಕೊಳ್ಳುವುದು ಒಳ್ಳೆಯದು. ಜೆಪೆಗ್ ತಯಾರಿಸುವಾಗ ಕ್ಯಾಮೆರಾ, ಮರಳಿನ ನವಿರಾದ ಕಣಗಳನ್ನೂ ನಾಯ್ಸ್ (ಚಿತ್ರದಲ್ಲಿ ಮೂಡುವ ಬೇಡದ ಚುಕ್ಕೆಗಳು) ಎಂದೇ ಬಗೆದು ಒರೆಸಿಹಾಕುವುದುಂಟು.

ಮುಂದೆ ಇಂತಹ ಚಿತ್ರಗಳನ್ನು ಅಚ್ಚುಮಾಡುವಾಗ ಕ್ಯಾಮೆರಾದ ಹೆಸರಿನೊಂದಿಗೆ, ಚಿತ್ರ ತೆಗೆದ ಹೊತ್ತು ಮತ್ತು ಅಪರ್ಚರನ್ನೂ ನಮೂದಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ನಿಮ್ಮ ಓದುಗ