ಹೆಚ್ಚು ಕೊಟ್ಟರೆ ಎಲ್ಲಿ ಲಾಭ ಎಂಬುದು ಪೊಟ್ಟಣದ ಮೇಲೆ ಕಾಣಲಿ

ಮಾನ್ಯ ಸಂಪಾದಕರೇ,

ತಿಂಗಳ ಖರ್ಚು ಕೈಮೀರತೊಡಗಿದಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ, ಇದುವರೆಗೆ ಕೊಳ್ಳುತ್ತಿದ್ದ ವಸ್ತುವನ್ನೇ ಇನ್ನೂ ಅಗ್ಗದ ಹೆಸರಿನಲ್ಲಿ ಹುಡುಕುವುದು. ಕೆಲವು ವಸ್ತುಗಳಲ್ಲಿ ಇದು ಜಾಣತನವೇ ಹೌದು. ಇನ್ನು ಕೆಲವುದರಲ್ಲಿ ಅಂಗಡಿಯಲ್ಲಿ ಉಳಿದ ಹಣ ವಿದ್ಯುತ್ ಬಿಲ್ಲಿನಲ್ಲೋ ಆಸ್ಪತ್ರೆಯ ಬಿಲ್ಲಿನಲ್ಲೋ ಸದ್ದಿಲ್ಲದೆ ಹೊರಟುಹೋಗುತ್ತದೆ. ಯಾವುದು ಯಾವ ಬಗೆಯದು ಎಂದು ತಿಳಿಯಲು ಬೇಕಾದ ಮಾಹಿತಿ ಬಹುಪಾಲು ವಸ್ತುವಿನ ಮೇಲೆಯೇ ಮುದ್ರಿತವಾಗಿರುತ್ತದೆ. ಆದರೆ ಸಣ್ಣ ಅಕ್ಷರದಲ್ಲಿ, ಪೊಟ್ಟಣದ ಹಿಂಬದಿಯಲ್ಲಿ, ಇಂಗ್ಲಿಷಿನಲ್ಲಿ. ಈ ಕುರಿತು ತಮ್ಮ ಪತ್ರಿಕೆಯ ಮೂಲಕ ಓದುಗರ ಹಾಗೂ ಸರ್ಕಾರದ ಗಮನ ಸೆಳೆಯಬಯಸುತ್ತೇನೆ.

ಮೊದಲಿಗೆ ಸೀಲಿಂಗ್ ಫ್ಯಾನನ್ನು ನೋಡಬಹುದು. ಹಳೆಯ ಮಾದರಿಯ ಫ್ಯಾನ್ ಪೂರ್ಣ ವೇಗದಲ್ಲಿ ಸುಮಾರು 75 ವಾಟ್ ವಿದ್ಯುತ್ ಬಳಸುತ್ತದೆ. ಎಲೆಕ್ಟ್ರಾನಿಕ್ ಬೋರ್ಡಿನಿಂದ ನಡೆಯುವ ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನಿಗೆ ಸುಮಾರು 30 ವಾಟ್ ಸಾಕು. ದಿನಕ್ಕೆ 12 ಗಂಟೆ ತಿರುಗುವ ಮನೆಯಲ್ಲಿ ಈ 45 ವಾಟ್ ವ್ಯತ್ಯಾಸ ತಿಂಗಳಿಗೆ 16 ಯೂನಿಟ್ ಆಗುತ್ತದೆ, ಯೂನಿಟ್ಟಿಗೆ ಸುಮಾರು 6 ರೂಪಾಯಿ ಎಂದು ಹಿಡಿದರೆ 95 ರೂಪಾಯಿಯಷ್ಟು. ಕೊಳ್ಳುವಾಗ 1,500 ರೂಪಾಯಿ ಹೆಚ್ಚು ಕೊಟ್ಟಿದ್ದರೂ ಒಂದೂವರೆ ವರ್ಷದೊಳಗೆ ಅದು ಮರಳಿ ಬರುತ್ತದೆ, ಆಮೇಲಿನದೆಲ್ಲ ಉಳಿತಾಯ. ರಾಯಚೂರು, ಕಲಬುರಗಿಯಂತಹ ಊರುಗಳಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ವರ್ಷದ ಹಲವು ತಿಂಗಳು ಫ್ಯಾನ್ ಹಾಕುವುದೇ ಬೇಡವಾದ ಮಡಿಕೇರಿಯಲ್ಲಿ ಹೊಂದುವುದಿಲ್ಲ. ಇಂತಹ ಫ್ಯಾನಿನ ಎಲೆಕ್ಟ್ರಾನಿಕ್ ಬೋರ್ಡ್ ಕೆಟ್ಟರೆ ಬೀದಿ ಕೊನೆಯ ರಿಪೇರಿ ಅಂಗಡಿಯಲ್ಲಿ ಸುಲಭಕ್ಕೆ ಸರಿಯಾಗದು ಎಂಬುದೂ ನಿಜ, ಆದ್ದರಿಂದ ವಿದ್ಯುತ್ ಉಳಿತಾಯವನ್ನು ಸೂಚಿಸುವ ಸ್ಟಾರ್‌ಗಳ ಜೊತೆಗೆ ವಾರಂಟಿಯ ಅವಧಿಯನ್ನೂ ಕೇಳಿಯೇ ಕೊಳ್ಳಬೇಕು. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಲೇಬಲ್ ಕಡ್ಡಾಯವಾಗಿರುವುದರಿಂದ ಹೋಲಿಸಿ ನೋಡುವುದಕ್ಕೆ ಈಗ ಒಂದು ಆಧಾರವಂತೂ ಇದೆ.

ಗೃಹಜ್ಯೋತಿ ಇರುವಾಗ ಈ ಲೆಕ್ಕವೆಲ್ಲ ಏಕೆ ಎಂದು ಕೆಲವರು ಕೇಳಬಹುದು. ಆ ಯೋಜನೆಯಲ್ಲೂ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ಗ್ರಾಹಕರೇ ಕಟ್ಟಬೇಕು. ಮೂರು ಫ್ಯಾನುಗಳಿರುವ ಮನೆಯಲ್ಲಿ ತಿಂಗಳಿಗೆ ಸುಮಾರು 48 ಯೂನಿಟ್ ಕಡಿಮೆಯಾದರೆ, ಬೇಸಿಗೆಯಲ್ಲಿ ಆ ಗೆರೆ ದಾಟುವುದಕ್ಕೂ ದಾಟದಿರುವುದಕ್ಕೂ ಅಷ್ಟೇ ಅಂತರ ಸಾಕಾಗಬಹುದು. ಗೆರೆಯ ಒಳಗೇ ಉಳಿಯುವ ಮನೆಗಳಲ್ಲಿ ಉಳಿತಾಯದ ಲಾಭ ಬಹುಪಾಲು ಸಬ್ಸಿಡಿ ಭರಿಸುವ ಸರ್ಕಾರಕ್ಕೆ ಹೋಗುತ್ತದೆ. ಹಾಗಿರುವಾಗ, ಒಮ್ಮೆಗೇ ಮೂರು ಸಾವಿರ ರೂಪಾಯಿ ಎತ್ತಿಡಲಾಗದ ಕುಟುಂಬಗಳಿಗೆ ಉತ್ತಮ ಫ್ಯಾನ್ ತಲುಪಿಸುವ ಹೊಣೆಯನ್ನು ಸರ್ಕಾರವೇ ಏಕೆ ಹೊರಬಾರದು? ಹಿಂದೆ ‘ಹೊಸ ಬೆಳಕು’ ಯೋಜನೆಯಲ್ಲಿ ಎಲ್‌ಇಡಿ ಬಲ್ಬುಗಳನ್ನು ಕಡಿಮೆ ದರಕ್ಕೆ ವಿತರಿಸಿದ ಅನುಭವ ನಮ್ಮ ವಿದ್ಯುತ್ ಸರಬರಾಜು ಕಂಪನಿಗಳಿಗಿದೆ. ಅದೇ ರೀತಿ ಕಂತಿನಲ್ಲಿ ಫ್ಯಾನ್ ಕೊಟ್ಟು, ಕಂತನ್ನು ಬಿಲ್ಲಿನೊಡನೆ ವಸೂಲು ಮಾಡಿಕೊಳ್ಳಬಹುದು. ಗುಣಮಟ್ಟಕ್ಕೆ ಹೆಚ್ಚು ಕೊಡಿ ಎಂದು ಉಪದೇಶಿಸುವವರು ಆ ಹೆಚ್ಚಿನ ಮೊತ್ತ ಮೊದಲ ದಿನವೇ ಕೈಯಲ್ಲಿರಬೇಕು ಎಂಬುದನ್ನು ಮರೆತುಬಿಡುತ್ತಾರೆ.

ಇನ್ನು ಕಾಫಿ ಪುಡಿ. ದೇಶದ ಕಾಫಿಯ ಬಹುಪಾಲು ಬೆಳೆಯುವ ರಾಜ್ಯದಲ್ಲಿದ್ದೂ ನಮ್ಮ ಅನೇಕ ಮನೆಗಳು ದುಡ್ಡು ಕೊಟ್ಟು ಕುಡಿಯುತ್ತಿರುವುದು ಅರೆಪಾಲು ಚಿಕೋರಿಯನ್ನು. ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆಯಲೇಬೇಕು. ಎಂದರೆ ಶೇ 49ರವರೆಗೆ ಚಿಕೋರಿ ಬೆರೆಸುವುದು ಕಾನೂನುಬದ್ಧ. ಚಿಕೋರಿಯ ಮೇಲೆ ನನಗೆ ದ್ವೇಷವೇನೂ ಇಲ್ಲ; ಡಿಕಾಕ್ಷನ್ನಿಗೆ ಬಣ್ಣವನ್ನೂ ಗಟ್ಟಿತನವನ್ನೂ ಕೊಡುವ ಆ ಬೇರಿನ ಪುಡಿ ಸ್ವಲ್ಪ ಇರಲಿ ಎನ್ನುವವರ ರುಚಿ ಅವರದು. ಆದರೆ 60:40ರ ಪುಡಿಯ ಬೆಲೆಯನ್ನು 80:20ರದರೊಡನೆ ಹಾಗೆಯೇ ಹೋಲಿಸಿ ಮೊದಲನೆಯದು ಅಗ್ಗ ಎನ್ನುವುದು ತಪ್ಪು ಲೆಕ್ಕ, ಏಕೆಂದರೆ ಮೊದಲನೆಯದರ ಒಂದು ಕಿಲೋದಲ್ಲಿ 400 ಗ್ರಾಂ ಕಾಫಿಯೇ ಅಲ್ಲ. ಒಂದು ಲೋಟಕ್ಕೆ 10 ಗ್ರಾಂ ಪುಡಿ ಎಂದರೆ ಕಿಲೋಗೆ 100 ಲೋಟ; ಕಿಲೋಗೆ 200 ರೂಪಾಯಿ ಹೆಚ್ಚು ಕೊಟ್ಟರೂ ಲೋಟಕ್ಕೆ ಬೀಳುವುದು 2 ರೂಪಾಯಿ. ಹೋಟೆಲಿನಲ್ಲಿ ಒಂದು ಕಾಫಿಗೆ ಕೊಡುವ ಹಣ ನೆನೆದರೆ ಇದು ದೊಡ್ಡ ಮೊತ್ತವಲ್ಲ. ಬೀಜ ಆರಿಸಿ, ಹೇಳಿದ ಪ್ರಮಾಣಕ್ಕೆ ಕಣ್ಣೆದುರೇ ಬೀಸಿಕೊಡುವ ಅಂಗಡಿಗಳು ನಮ್ಮ ಊರುಗಳಲ್ಲಿ ಇನ್ನೂ ಉಳಿದಿರುವುದು ಪುಣ್ಯ.

ಒಣಮೆಣಸಿನಕಾಯಿಗೂ ಇದೇ ಮಾತು ಅನ್ವಯಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಜನ ಹೆಚ್ಚು ಕೊಡುವುದು ಗಾಢ ಬಣ್ಣ ಮತ್ತು ಹದವಾದ ಖಾರಕ್ಕಾಗಿ, 2011ರಲ್ಲಿ ಭೌಗೋಳಿಕ ಮಾನ್ಯತೆ ದೊರೆತ ಹೆಸರಿಗಾಗಿಯಂತೂ ಅಲ್ಲ. ಸುಕ್ಕುಸುಕ್ಕಾದ ಕಾಯಿಯನ್ನೇ ನೋಡಿ ಕೊಂಡು, ಬಿಸಿಲಿಗೆ ಹಾಕಿ, ಮಿಲ್ಲಿನಲ್ಲಿ ಪುಡಿ ಮಾಡಿಸಿಕೊಳ್ಳುವವರಿಗೆ ಕೊಟ್ಟ ಹಣಕ್ಕೆ ತಕ್ಕುದು ಸಿಗುತ್ತದೆ. ಅದೇ ಹೆಸರಿನ ಪುಡಿಯ ಪೊಟ್ಟಣದೊಳಗೆ ಯಾವ ಕಾಯಿ ಹೋಗಿದೆ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ.

ಸೋಪಿನಲ್ಲಿ ನೋಡಬೇಕಾದ್ದು ಟಿಎಫ್‌ಎಂ ಎಂಬ ಒಟ್ಟು ಕೊಬ್ಬಿನಾಂಶ. ಭಾರತೀಯ ಮಾನಕದ ಪ್ರಕಾರ ಸ್ನಾನದ ಸೋಪಿನ ಮೊದಲ ದರ್ಜೆಗೆ ಅದು ಶೇ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60 ಇರಬೇಕು. ‘ಬೇದಿಂಗ್ ಬಾರ್’ ಎಂದು ಬರೆದಿರುವುದು ಸೋಪಿನ ಪಕ್ಕದಲ್ಲೇ, ಹೆಚ್ಚುಕಡಿಮೆ ಸೋಪಿನದೇ ವೇಷದಲ್ಲಿ ಕುಳಿತಿರುತ್ತದೆ. ಅದಕ್ಕೆ ಶೇ 40 ಇದ್ದರೂ ಸಾಕು. ಈ ಅಂಕಿಯನ್ನು ಓದದೆ ಜಾಹೀರಾತಿನ ಮುಖ ನೋಡಿ ಹೆಚ್ಚು ಕೊಡುವುದು ಸುಮ್ಮನೆ ಖರ್ಚು.

ಮೇಲಿನವೆಲ್ಲ ರುಚಿಯ, ಉಳಿತಾಯದ ವಿಷಯಗಳು. ಎರಡು ವಸ್ತುಗಳಲ್ಲಿ ಮಾತ್ರ ಚೌಕಾಸಿಗೆ ಅವಕಾಶವೇ ಇಲ್ಲ ಎಂದು ನನ್ನ ಭಾವನೆ. ಅಡುಗೆ ಅನಿಲದ ಒಲೆಗೆ ಉಕ್ಕಿನ ತಂತಿಯ ಹೆಣಿಗೆಯುಳ್ಳ, ಅನಿಲ ವಿತರಕರಲ್ಲೇ ಸಿಗುವ ಸುರಕ್ಷಾ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ವರ್ಷಕ್ಕೆ ಹಂಚಿದರೆ ಕೆಲವೇ ಹತ್ತು ರೂಪಾಯಿಗಳ ಈ ವೆಚ್ಚ ಉಳಿಸಲು ಸಾದಾ ರಬ್ಬರ್ ಕೊಳವೆ ಸಿಕ್ಕಿಸುವ ಮನೆಗಳು ಈಗಲೂ ಇವೆ. ಇನ್ನೊಂದು ಹೆಲ್ಮೆಟ್. ಐಎಸ್‌ಐ ಗುರುತಿಲ್ಲದ ದ್ವಿಚಕ್ರ ವಾಹನ ಹೆಲ್ಮೆಟ್‌ಗಳ ಮಾರಾಟ 2021ರ ಜೂನ್‌ನಿಂದ ನಿಷಿದ್ಧವಾಗಿದ್ದರೂ, ರಸ್ತೆ ಬದಿಯಲ್ಲಿ ಅರ್ಧ ತಲೆ ಮುಚ್ಚುವ ಟೋಪಿಗಳ ವ್ಯಾಪಾರ ಪೊಲೀಸರ ಕಣ್ಣೆದುರೇ ನಡೆದಿದೆ. ಅವು ದಂಡದಿಂದ ಪಾರಾಗಲು ಕೊಳ್ಳುವ ವಸ್ತುಗಳು, ಬಿದ್ದಾಗ ತಲೆ ಕಾಯುವಂಥವಲ್ಲ. ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಅಸಲಿಯೋ ನಕಲಿಯೋ ಎಂದು ಯಾರು ಬೇಕಾದರೂ ನೋಡಬಹುದು. ಪರೀಕ್ಷೆಯಲ್ಲಿ ಗೆದ್ದ ಹೆಲ್ಮೆಟ್‌ಗಳ ನಡುವೆ ಬಣ್ಣ, ಚಿತ್ತಾರಗಳಿಗಾಗಿ ಇನ್ನಷ್ಟು ಕೊಡಬೇಕಾದ ಅಗತ್ಯ ನನಗೆ ಕಂಡಿಲ್ಲ.

ದುಬಾರಿಯಾದದ್ದೆಲ್ಲ ಉತ್ತಮ ಎಂಬ ನಂಬಿಕೆಯನ್ನು ಬೆಳೆಸುವುದು ಈ ಪತ್ರದ ಉದ್ದೇಶವಲ್ಲ. ಸಾಮಾನ್ಯ ಅಯೋಡಿನ್ ಉಪ್ಪಿನ ಹಲವು ಪಟ್ಟು ಬೆಲೆ ತೆತ್ತು, ಅಯೋಡಿನ್ ಸೇರಿಸದ ಗುಲಾಬಿ ಉಪ್ಪು ತರುವವರಿಗೆ ಸಿಗುವುದು ಬಣ್ಣವೊಂದೇ. ಜನೌಷಧಿ ಕೇಂದ್ರದಲ್ಲಿ ಸಿಗುವ ಮಾತ್ರೆಯಲ್ಲೂ ದೊಡ್ಡ ಹೆಸರಿನ ಮಾತ್ರೆಯಲ್ಲೂ ಇರುವ ಔಷಧ ಒಂದೇ ಆಗಿರುವಾಗ, ವೈದ್ಯರನ್ನು ಕೇಳಿ ಕಡಿಮೆ ಬೆಲೆಯದನ್ನೇ ಕೊಳ್ಳುವುದು ಲೇಸು.

ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು ಹಾಗೂ ಬಳಕೆಯ ಸೂಚನೆಗಳು ಕನ್ನಡದಲ್ಲಿಯೂ ಇರಬೇಕೆಂದು ಸರ್ಕಾರ 2025ರಲ್ಲಿ ಆದೇಶಿಸಿದೆ. ಬರೀ ಹೆಸರು ಕನ್ನಡಕ್ಕೆ ಬಂದರೆ ಗ್ರಾಹಕನಿಗೆ ದೊಡ್ಡ ಪ್ರಯೋಜನವಿಲ್ಲ. ಕಾಫಿ ಪುಡಿಯ ಪೊಟ್ಟಣದಲ್ಲಿ ಚಿಕೋರಿಯ ಪ್ರಮಾಣ, ಸೋಪಿನಲ್ಲಿ ದರ್ಜೆ ಮತ್ತು ಕೊಬ್ಬಿನಾಂಶ, ಫ್ಯಾನಿನ ಪೆಟ್ಟಿಗೆಯಲ್ಲಿ ವಾಟ್ ಇವು ಮುಂಬದಿಯಲ್ಲೇ, ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಮುದ್ರಿತವಾಗುವಂತೆ ಆ ಆದೇಶವನ್ನು ವಿಸ್ತರಿಸಬೇಕು. ಹೊರರಾಜ್ಯದಿಂದ ಬರುವ ವಸ್ತುಗಳಿಗೂ ಇದು ಅನ್ವಯವಾಗುವಂತೆ ರಾಜ್ಯವು ಕೇಂದ್ರ ಸರ್ಕಾರಕ್ಕೆ ಬರೆಯಬೇಕು. ಅಲ್ಲಿಯವರೆಗೆ, ಸಹಕಾರಿ ಗ್ರಾಹಕ ಮಳಿಗೆಗಳಾದರೂ ಈ ವಿವರಗಳನ್ನು ಬೆಲೆಯ ಚೀಟಿಯ ಪಕ್ಕದಲ್ಲೇ ಬರೆದು ಹಚ್ಚಬಹುದು. ಅದಕ್ಕೆ ಯಾವ ಆದೇಶವೂ ಬೇಕಿಲ್ಲ.

ಇಂತಿ,
ಒಬ್ಬ ಓದುಗ, ದಾವಣಗೆರೆ